ಯಾರನ್ನ ಏನಂತ ಕರೀತೀಯ?

ವರ್ತೂರು,
ಗುರುವಾರ, ೧೩-೧೧-೨೦೨೫

ಪ್ರೀತಿಯ ಅಮ್ಮಾ,

ಮುನಿಸಿಕೊಂಡು ಹೋದವರಿಗೂ ಮೊದಲು ನಮಸ್ಕಾರ ಹೇಳಬೇಕೆಂದು ಕಲಿಸಿದವಳು ನೀನೇ, ಆದ್ದರಿಂದ ನಮಸ್ಕಾರ. ಮಂಡಿ ನೋವು ಹೇಗಿದೆ? ಹಚ್ಚಿಕೊಳ್ಳುವ ಎಣ್ಣೆಯನ್ನು ಫ್ರಿಜ್ಜಿನ ಮೇಲೆಯೇ ಬಿಟ್ಟು ಹೋಗಿದ್ದೀಯ, ಈ ಕಾಗದದ ಜೊತೆ, ಮಾಲೂರಿನ ಕಡೆ ಹೊರಟಿರುವ ನಮ್ಮ ಬೀದಿಯ ಭಾನುಪ್ರಕಾಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ತಮ್ಮನ ಮನೆಯಲ್ಲಿ ಕೇಳುವವರಿಲ್ಲ ಎಂದು ಮೂರು ಹೊತ್ತೂ ಅನ್ನ ಉಣ್ಣಬೇಡ, ಸಂಜೆಗಾದರೂ ಮುದ್ದೆ ಮಾಡಿಸಿಕೋ. ನಾವಿಲ್ಲಿ ಕ್ಷೇಮ ಎಂದು ಬರೆಯಬೇಕು, ಆದರೆ ನನಗೆ ಸುಳ್ಳು ಬರೆದು ಅಭ್ಯಾಸವಿಲ್ಲ. ಅಪ್ಪ ಹತ್ತು ದಿನದಿಂದ ಉಪ್ಪಿಟ್ಟನ್ನೇ ಮಾಡುತ್ತಿದ್ದಾರೆ. ಚಮಚದಲ್ಲಿ ಎತ್ತಿದರೆ ತಟ್ಟೆಯೂ ಜೊತೆಗೇ ಏಳುತ್ತದೆ. ವಠಾರದ ಮೂರನೇ ನಂಬರ್ ಮನೆಯವರು ನಲ್ಲಿ ಸೋರುತ್ತಿದೆ ಎಂದು ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹಿಡಿದುಕೊಳ್ಳುತ್ತಾರೆ. ಒಂದೂವರೆ ಗಂಟೆ ದಾರಿಯ ಮಾಲೂರಿಗೆ ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದೇನೆಂದರೆ ಯಾರಾದರೂ ನಕ್ಕಾರು. ಏನು ಮಾಡಲಿ, ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಲೋನ್ ಬೇಕಾ ಮೇಡಂ ಎಂದು ಕಾಡುವವರನ್ನು ಬ್ಲಾಕ್ ಮಾಡುವುದು ಹೇಗೆಂದು ನಿನ್ನ ಪಕ್ಕ ಕೂತು ಕಲಿಸಿಕೊಟ್ಟವಳು ನಾನು. ಗುರುವಿಗೇ ತಿರುಮಂತ್ರ ಹಾಕಿದೆ.

ಈಗ ಜಗಳಕ್ಕೆ ಬರುತ್ತೇನೆ. ನಾನು ನಿನ್ನ ಬೀರುವಿಗೆ ಕೈ ಹಾಕಿದ್ದು ಕದಿಯುವುದಕ್ಕಲ್ಲ. ಇ-ಖಾತಾ ಮಾಡಿಸಬೇಕು, ಹಳೇ ಪತ್ರಗಳನ್ನು ಹುಡುಕಿಕೊಡು ಎಂದವರು ಅಪ್ಪ. ಕಂದಾಯದ ರಸೀದಿಗಳ ಕೆಳಗೆ ಸಿಕ್ಕಿದ್ದು ನನ್ನ ದತ್ತುಪತ್ರ. ನಮ್ಮ ವಠಾರದಲ್ಲಿ ಬಾಡಿಗೆಗಿದ್ದ, ಸುರಪುರ ಕಡೆಯ, ಕಟ್ಟಡದ ಕೆಲಸದಲ್ಲಿ ಬಿದ್ದು ಸತ್ತ ಕಾಡಪ್ಪ ಎಂಬವನ ಹೆಂಡತಿ ಮರೆವ್ವ, ತನ್ನ ಮೂರು ತಿಂಗಳ ಹೆಣ್ಣುಮಗುವನ್ನು ಶ್ಯಾಮಣ್ಣ, ಭಾಗ್ಯಮ್ಮ ದಂಪತಿಗೆ ಕೊಟ್ಟಿದ್ದಾಳೆ ಎಂದು ಬರೆದಿತ್ತು. ಕೆಳಗೊಂದು ಹೆಬ್ಬೆಟ್ಟು. ಸಾಕ್ಷಿ, ರೇವಣಸಿದ್ದ ಮೇಸ್ತ್ರಿ. ನೀವು ನನ್ನನ್ನು ಸಾಕಿಕೊಂಡದ್ದಕ್ಕೆ ನನಗೇನೂ ಬೇಸರವಿಲ್ಲ ಅಮ್ಮಾ, ಇಪ್ಪತ್ತೇಳು ವರ್ಷ ಬಚ್ಚಿಟ್ಟಿರಲ್ಲ, ಅದಕ್ಕೆ. ಅಪ್ಪನನ್ನು ಕೇಳಿದರೆ, ನಾನು ಹೇಳೋಣ ಅಂತಲೇ ಇದ್ದೆ, ನಿಮ್ಮಮ್ಮ ಬಿಡಲಿಲ್ಲ ಎಂದರು. ಎದುರು ಮನೆ ದೇವಕ್ಕನನ್ನು ಕೇಳಿದರೆ, ನಿನಗೆ ಗೊತ್ತೇ ಇರಲಿಲ್ವಾ ಎಂದು ನನ್ನನ್ನೇ ಕೇಳಿದರು. ಇಡೀ ಬೀದಿಗೆ ಗೊತ್ತಿದ್ದ ಸುದ್ದಿ ಇದು. ಹೆತ್ತವಳನ್ನು ಒಂದು ಸಲ ನೋಡಬೇಕು ಎಂದೆ, ಅಷ್ಟೇ ನಾನು ಅಂದದ್ದು. ಅಷ್ಟಕ್ಕೆ ನೀನು ಚೀಲಕ್ಕೆ ನಾಲ್ಕು ಸೀರೆ ತುರುಕಿಕೊಂಡು, "ಓಗು, ನಿಮ್ಮಮ್ಮನ್ನ ಉಡುಕ್ಕೊ. ಇಬ್ಬರು ಅಮ್ಮಂದ್ರಾ ನಿಂಗೆ? ಯಾರನ್ನ ಏನಂತ ಕರೀತೀಯ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಬಸ್ ಹತ್ತಿದೆ. ಉತ್ತರ ನನ್ನ ಹತ್ತಿರವೂ ಇರಲಿಲ್ಲ, ಆ ಮಾತು ಬೇರೆ.

ಮೇಸ್ತ್ರಿ ಈಗ ಗುಂಜೂರಿನಲ್ಲಿದ್ದಾರೆ. ಮೊದಲ ಸಲ ಹೋದಾಗ ನೆನಪಿಲ್ಲ ಎಂದರು, ಎರಡನೇ ಸಲ ಭಾಗ್ಯಮ್ಮನವರು ಬೈತಾರೆ ಎಂದರು, ಮೂರನೇ ಸಲ ನನ್ನ ಕಾಟ ತಾಳಲಾರದೆ ಒಂದು ಫೋನ್ ನಂಬರ್ ಕೊಟ್ಟರು. ಆ ಕಡೆ ಮಾತಾಡಿದವನು ಸಿದ್ರಾಮ ಅಂತ, ಅತ್ತಿಬೆಲೆಯ ಕಾರ್ಖಾನೆಯಲ್ಲಿ ಮಷೀನ್ ಆಪರೇಟರ್. ನಾವಿಬ್ಬರೂ ಒಂದೇ ಹೊಟ್ಟೆಯವರು, ಅಪ್ಪ ಮಾತ್ರ ಬೇರೆ, ನಾನು ನಿಮ್ಮ ತಮ್ಮ ಎಂದ. ನನಗೆ ಒಬ್ಬ ತಮ್ಮ ಇದ್ದಾನೆಂದು ಖುಷಿಪಡಬೇಕೋ ಅಳಬೇಕೋ ತಿಳಿಯದೆ, ಅಮ್ಮ ಎಲ್ಲಿದ್ದಾರೆ ಎಂದು ಕೇಳಿದೆ. "ಅಮ್ಮ ತೀರಿಕೊಂಡು ಮೂರು ವರ್ಷ ಆತ್ರಿ" ಎಂದ. ಆಮೇಲೆ ಅವನು ಹೇಳಿದ್ದು ಅರ್ಧವೂ ನನ್ನ ಕಿವಿಗೆ ಬೀಳಲಿಲ್ಲ. ಅಕ್ಕ ಇದ್ದಾಳೆ, ಅಕ್ಕ ನಿಮ್ಮನ್ನು ನೋಡಬೇಕು ಅಂತಾಳೆ ಎಂದು ಒಂದೇ ಸಮ ಹೇಳುತ್ತಿದ್ದ. ಮೂರು ವರ್ಷ ಅಮ್ಮಾ. ನಾನು ಕೆಲಸಕ್ಕೆ ಸೇರಿದಾಗಲೋ, ಇಪ್ಪತ್ತು ತುಂಬಿದಾಗಲೋ ನೀನು ಬಾಯಿಬಿಟ್ಟಿದ್ದರೆ ಮುಖವನ್ನಾದರೂ ನೋಡುತ್ತಿದ್ದೆ. ಇದನ್ನು ಬರೆಯುವಾಗಲೂ ನಿನ್ನ ಮೇಲೆ ಮೈಯೆಲ್ಲ ಉರಿಯುತ್ತಿದೆ.

ಅಕ್ಕನನ್ನಾದರೂ ನೋಡೋಣ ಎಂದು ಸೋಮವಾರ ರಜೆ ಹಾಕಿ, ಸರ್ಜಾಪುರದಲ್ಲಿ ಬಸ್ ಬದಲಿಸಿ ಅತ್ತಿಬೆಲೆಗೆ ಹೋದೆ. ಬಸ್ ಸ್ಟಾಂಡಿನ ಹತ್ತಿರದ ಬೇಕರಿಯಲ್ಲಿ ಸಿದ್ರಾಮ ಆಕೆಯನ್ನು ನನ್ನೆದುರು ಕೂರಿಸಿ, ಇವಳೇ ಅಕ್ಕ ಎಂದು ಹೇಳಿ, ತನ್ನ ಪಾಳಿಗೆ ಹೊತ್ತಾಯಿತೆಂದು ಓಡಿದ. ಆಕೆಗೆ ನಲವತ್ತು ದಾಟಿರಬಹುದು. ಕೊರಳಲ್ಲಿ ಕಾರ್ಖಾನೆಯ ಕಾರ್ಡು, ಅದರಲ್ಲಿ ಮಹಾನಂದಾ ಎಂಬ ಹೆಸರು. ನನಗಿಂತ ಹದಿಮೂರು ಹದಿನಾಲ್ಕು ವರ್ಷ ದೊಡ್ಡವಳು ಎಂದು ಲೆಕ್ಕ ಹಾಕಿದೆ. ಟೀ ಮುಟ್ಟಲಿಲ್ಲ, ನನ್ನ ಕಿವಿಯನ್ನೇ ನೋಡುತ್ತ ಕೂತಳು. ಉಂಡೀಯೇನು ಎಂದು ಮೂರು ಸಲ ಕೇಳಿದಳು. ನಿಮ್ಮ ಮನೆ ಮುಂದಿನ ಹುಣಸೆಮರ ಐತೇನು ಎಂದಳು, ಕಡಿದು ಹತ್ತು ವರ್ಷವಾಯಿತು ಎಂದೆ. ನಾನು ರಜೆ ಹಾಕಿ ಬಂದಿರುವುದು ಹುಣಸೆಮರದ ವಿಚಾರಕ್ಕೇನು ಎಂದು ತಲೆ ಕೆಟ್ಟಿತು. ನನ್ನನ್ನು ಯಾಕೆ ಕೊಟ್ಟರು ಎಂದು ನೇರವಾಗಿ ಕೇಳಿಬಿಟ್ಟೆ.

"ಕೊಟ್ಟುಬಿಡೂಣು ಅಂದಾಕಿ ಅಮ್ಮ. ನಾ ಬ್ಯಾಡ ಅಂದೆ. ನನ್ನ ಮಾತು ಯಾರೂ ಕೇಳಲಿಲ್ಲ" ಎಂದಳು. ಹದಿಮೂರು ಹದಿನಾಲ್ಕರ ಹುಡುಗಿಯ ಮಾತನ್ನು ಯಾರು ತಾನೇ ಕೇಳುತ್ತಾರೆ ಎಂದುಕೊಂಡೆ. ಸಾಯುವ ಮುಂಚೆ ಅಮ್ಮ ನನ್ನನ್ನು ನೆನೆಸಿಕೊಂಡರಾ ಎಂದು ಕೇಳಿದೆ. ಇಲ್ಲ, ನಿನ್ನ ಹೆಸರು ಎತ್ತಬಾರದು ಅಂತ ಎಲ್ಲರಿಂದ ಆಣೆ ಮಾಡಿಸಿಕೊಂಡಿದ್ದಳು ಎಂದಳು. ನನ್ನ ಸಿಟ್ಟು ನಿನಗೆ ಗೊತ್ತೇ ಇದೆ. "ಹಾಗಿದ್ರೆ ಹೆತ್ತವಳು ಸತ್ತಿದ್ದೇ ಒಳ್ಳೇದಾಯ್ತು ಬಿಡಿ. ಅಂಥವಳ ಮುಖ ನಾನು ನೋಡಬೇಕಾಗಿಲ್ಲ" ಎಂದುಬಿಟ್ಟೆ. ಆಕೆ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟು, ತಿರುಗಿ ನೋಡದೆ ಹೋದಳು. ಒಳಗೆ ಶೇಂಗಾ ಹೋಳಿಗೆ. ನಾನು ಇನ್ನೂ ಮುಟ್ಟಿಲ್ಲ, ಅಪ್ಪ ಉಪ್ಪಿಟ್ಟಿನ ಬೇಸರಕ್ಕೆ ಎರಡು ತಿಂದರು.

ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು. ನೀನು ಗೆದ್ದೆ, ಸಂತೋಷವಾಯಿತೇ? ಹೆತ್ತವಳು ಇಲ್ಲ, ಇದ್ದಾಗಲೂ ನನ್ನನ್ನು ನೆನೆಸಿಕೊಂಡವಳಲ್ಲ. ಇನ್ನು ನಿನಗೆ ಎದುರಾಳಿಗಳೇ ಇಲ್ಲ, ಮನೆಗೆ ಬರಬಹುದು. ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ಹೇಳು. ನೀನು ಆಶೀರ್ವಾದ ಮಾಡುವ ಮನಸ್ಸಿನಲ್ಲಿಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ.

ಇತಿ ನಿನ್ನ ಮಗಳು (ರಿಜಿಸ್ಟರ್ ಆಗಿದೆ, ಬೇಡವೆಂದರೂ ಬಿಡುವ ಹಾಗಿಲ್ಲ),
ಕೃಪಾ

ತಾ.ಕ.: ಅಮ್ಮಾ, ಅಂಟಿಸಿದ ಕವರನ್ನು ಹರಿದು ಬರೆಯುತ್ತಿದ್ದೇನೆ, ಭಾನು ಹೊರಗೆ ಬೈಕಿನ ಹಾರ್ನ್ ಹೊಡೆಯುತ್ತಿದ್ದಾನೆ. ಈಗ ಸಿದ್ರಾಮ ಫೋನ್ ಮಾಡಿದ್ದ. ಅಕ್ಕ ಮೂರು ದಿನದಿಂದ ಕೆಲಸಕ್ಕೆ ಹೋಗಿಲ್ಲ, ಹಡೆದವಳ ಮುಂದೆ ನೀವು ಹಾಗೆ ಅನ್ನಬಾರದಿತ್ತು ಎಂದ. ಹಡೆದವಳು ಯಾರು ಎಂದೆ. "ಅಕ್ಕನ್ರಿ. ನಮ್ಮನ್ಯಾಗ ಅವ್ವಗ ಅಕ್ಕ ಅಂತೀವಿ, ಮಾವಗೋಳು ಕರಿಯೂದು ಕೇಳಿ ನಮಗೂ ಹಂಗ ರೂಢಿ ಆಗೇತಿ. ಅಮ್ಮ ಅಂದ್ರ ಅಕ್ಕನ ಅವ್ವರಿ, ತೀರಿಕೊಂಡ ಮುದುಕಿ" ಎಂದ. ಅಮ್ಮಾ, ಮರೆವ್ವನೇ ಮಹಾನಂದಾ, ಎರಡನೇ ಮದುವೆಯಲ್ಲಿ ಹೆಸರು ಬದಲಾಯಿಸಿದರಂತೆ. ನನ್ನನ್ನು ಹೆತ್ತಾಗ ಆಕೆಗೆ ಹದಿನಾರು. ನನ್ನನ್ನು ಕೊಡುವುದು ಬೇಡ ಅಂದವಳು ಆಕೆ. ಆಕೆಯ ಎದುರಿಗೇ ಕೂತು ಸತ್ತಿದ್ದು ಒಳ್ಳೇದಾಯ್ತು ಅಂದವಳು ನಾನು. ಫೋನ್ ಮಾಡಿ ಅಕ್ಕಾ ಎಂದೆ. ಉಂಡೀಯೇನು ಎಂದಳು. ಭಾನುವಾರ ಮನೆಗೆ ಬರುತ್ತಾಳೆ. ನೀನು ಕೇಳಿದ್ದಕ್ಕೆ ಉತ್ತರ ಸಿಕ್ಕಿದೆ. ಆ ಮನೆಯಲ್ಲಿ ಹೆತ್ತವಳನ್ನು ಅಕ್ಕ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ. ಅಮ್ಮ ಅನ್ನುವುದು ನಿನಗೊಬ್ಬಳಿಗೇ. ಆಕೆಯ ಡಬ್ಬಿ ಇಲ್ಲೇ ಇದೆ. ಯಾರ ಮನೆಯ ಡಬ್ಬಿಯನ್ನೂ ಖಾಲಿ ಕೊಡಬಾರದು ಅನ್ನುವವಳು ನೀನು. ಶನಿವಾರವೇ ಬಾ, ಅದಕ್ಕೆ ಏನು ತುಂಬಬೇಕೋ ನನಗೆ ತಿಳಿಯುತ್ತಿಲ್ಲ.