ಅಂಚಿನ ಹೊಳಪು

ಕುಮಾಸಿ, ಜೂನ್ ೧೧, ಮಂಗಳವಾರ

ವಾರ್ಡಿನಲ್ಲಿರುವ ಪೊಕುವಾ ಅಮ್ಮನ ಎದೆಯಿಂದ ತೆಗೆದ ಗಡ್ಡೆಯೇ ದಿನವಿಡೀ ತಲೆಯಲ್ಲಿ ಕೂತಿತ್ತು. ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು ಕೆಂಪಗೆ ಹೊಳೆಯುವ ನಮ್ಮ ಲ್ಯಾಬಿನ ನ್ಯಾನೋ ಕಣಗಳನ್ನು ಹಾಕಿದರೆ, ಕತ್ತರಿಸಿದ ಅಂಚೂ ಹೊಳೆಯುತ್ತಿತ್ತು. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಇಡೀ ಸ್ತನವೇ ಹೋಗಬೇಕು.

"ಮುಗೀತಲ್ಲ ಡಾಕ್ಟ್ರೇ, ಸರ್ಜನ್‌ಗೆ ಫೋನ್ ಮಾಡ್ಲಾ?" ಎಂದ ನಮ್ಮ ಟೆಕ್ನಿಶಿಯನ್ ಅಡೋಮಾಕೊ.

"ತಡಿಯೋ ಮಾರಾಯ. ಇದನ್ನ ಫಾರ್ಮಲಿನ್‌ಗೆ ಹಾಕಿ ನೀನೆಲ್ಲಿಗೆ ಹೋಗಿದ್ದೆ?"

"ಚಿಕ್ಕಪ್ಪನ ಸಾವಿಗೆ. ನೀವೂ ಕಪ್ಪು ಬಟ್ಟೆ ಉಟ್ಟು ಬಂದು ಕುಣಿದ್ರಲ್ಲ!"

ಕುಣಿದದ್ದು ನಿಜ. ಈ ಊರಿನಲ್ಲಿ ಸತ್ತವರನ್ನು ಕುಣಿದು ಕಳಿಸಿಕೊಡಲು ಶುಕ್ರವಾರದಿಂದ ಸೋಮವಾರದವರೆಗೆ ಬೇಕು. ಕೆಡದಂತೆ ಕಾಯುವ ಫಾರ್ಮಲಿನ್‌ನಲ್ಲಿ ಅಷ್ಟು ದಿನ ನೆನೆದ ಮಾಂಸ ಯಾರ ಹಂಗೂ ಇಲ್ಲದೆ ತಾನೇ ಮಿನುಗುತ್ತದೆ. ಅದೇ ಗಡ್ಡೆಯ, ಕಣಗಳನ್ನೇ ಹಾಕದ ಇನ್ನೊಂದು ತೆಳು ಹೋಳು ನೋಡಿದೆ; ಅಲ್ಲೂ ಅಂಚು ಅಷ್ಟೇ ಹೊಳೆಯಿತು! ಬಣ್ಣ ಬೇರ್ಪಡಿಸಿ ನೋಡಿದರೆ ಕಣಗಳ ಕೆಂಪು ಗಡ್ಡೆಯ ನಡುವೆಯೇ ಇತ್ತು, ಅಂಚಿನತ್ತ ಸುಳಿದಿರಲೇ ಇಲ್ಲ. ಸೂಕ್ಷ್ಮದರ್ಶಕದ ಮಾಮೂಲಿ ಸ್ಲೈಡೂ ಅದನ್ನೇ ಹೇಳಿತು.

ಸಂಜೆ ವಾರ್ಡಿಗೆ ಹೋದೆ. "ಅಮ್ಮಾ, ಅಂಚಲ್ಲಿ ಏನೂ ಇಲ್ಲ. ಮತ್ತೆ ಕೊಯ್ಯೋದಿಲ್ಲ."

"ಇನ್ನೊಂದ್ಸಲ ಹೇಳು ಮಗಳೇ."

ಹೇಳಿದೆ. ಪಕ್ಕದ ಹಾಸಿಗೆಯವಳನ್ನು ಅಲುಗಾಡಿಸಿ ಎಬ್ಬಿಸಿ, "ಇವಳಿಗೂ ಹೇಳು" ಎಂದಳು. ಹೀಗೆ ಹಾಸಿಗೆಯಿಂದ ಹಾಸಿಗೆಗೆ ಇಡೀ ವಾರ್ಡಿಗೇ ಹೇಳಿ ಬಂದೆ. ನಿದ್ದೆಗೆ ಕಣ್ಣು ಮುಚ್ಚುತ್ತಿದೆ. ಆದರೂ ಮತ್ತೆ ಕೊಯ್ಯೋದಿಲ್ಲ ಅಂತ ಈ ಡೈರಿಗೂ ಒಂದು ಸಲ ಹೇಳಿ ಮಲಗುತ್ತೇನೆ.