ಇಂಪಾಲದ ಎಡಗಣ್ಣು

ಕೌಲ್ ಬಜಾರು, ಬಳ್ಳಾರಿ
ನೆರಳುಶಕೆ ಐವತ್ತೆರಡು, ಮಹಾಲಯ ಅಮಾವಾಸ್ಯೆ
(ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ಎರಡು ಸಾವಿರದ ನೂರ ಎಪ್ಪತ್ತೊಂದು)

ನನ್ನ ಅಜ್ಜಿಯ ತಂದೆಯವರಾದ ಪಂಪಾಪತಿಯವರಿಗೆ,

ನಾನು ಹೊನ್ನೂರಮ್ಮ, ಕಾರಿನ ಮನೆಯ ಹಿರಿಯಳು. ಕೌಲ್ ಬಜಾರಿನಲ್ಲಿ ಕಾರಿನ ಮನೆ ಎಲ್ಲಿ ಎಂದು ಕೇಳಿದರೆ ಕಣ್ಣು ಕಾಣದವರೂ ದಾರಿ ತೋರಿಸುತ್ತಾರೆ. ನನಗೀಗ ಎಪ್ಪತ್ತೆಂಟು. ಹೈಸ್ಕೂಲು ಮುಗಿಸಿದ್ದೇನೆ. ಮುಂದೆ ಓದಲಿಲ್ಲ, ಓದಲಿಲ್ಲವೆಂದು ಕೊರಗಲೂ ಇಲ್ಲ. ಗಂಡ ತೀರಿಕೊಂಡ ಮೇಲೆ ಈ ಮನೆಯನ್ನು ನಾನೇ ನಡೆಸಿದ್ದೇನೆ. ನನ್ನ ಮಾತಿಗೆ ಇಲ್ಲಿ ಎರಡನೆಯ ಮಾತು ಇರಲಿಲ್ಲ, ಈ ವರ್ಷದವರೆಗೆ.

ಹಿರಿಯರ ಎಡೆಯ ಪಕ್ಕದಲ್ಲಿ ಒಂದು ಓಲೆ ಇಡುವುದು ನಮ್ಮ ಕಾಲದ ಪದ್ಧತಿ. ನೀವು ಬದುಕಿದ್ದಾಗಲೇ ಅದನ್ನು ಓದುತ್ತೀರೆಂದು ನಾವು ನಂಬುತ್ತೇವೆ. ಹೇಗೆ ತಲುಪುತ್ತದೆ ಎಂದು ನನ್ನನ್ನು ಕೇಳಬೇಡಿ. ಎಡೆಯ ಹೋಳಿಗೆ ಹೇಗೆ ತಲುಪುತ್ತದೋ ಹಾಗೆಯೇ ತಲುಪುತ್ತದೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಬಲ್ಲದ್ದು ನಿಮ್ಮ ಮಗಳು ಸಿಂಚನಾಳ ಬಾಯಿಂದ. ಆಕೆ ನನ್ನ ಅಜ್ಜಿ. ನಿಮ್ಮ ಲೆಕ್ಕದಲ್ಲಿ ಆಕೆ ಇನ್ನೂ ಹುಟ್ಟಿಲ್ಲ ಎಂಬುದು ನನಗೆ ಗೊತ್ತಿದೆ.

ನೆರಳುಶಕೆ ಎಂದರೆ ಊರಿನ ಬೀದಿಗಳಿಗೆಲ್ಲ ಬಿಸಿಲು ತಡೆಯುವ ಮಾಡು ಹಾಕಿ ಮುಗಿಸಿದ ವರ್ಷದಿಂದ ಎಣಿಸುವ ಶಕೆ. ಬಳ್ಳಾರಿಯ ಬಿಸಿಲಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಕಾಲದಲ್ಲಿ ಅದು ಬರೇ ಬಿಸಿಲಾಗಿತ್ತು, ನಮ್ಮ ಕಾಲದಲ್ಲಿ ಅದು ಕಾನೂನು. ಬೆಳಿಗ್ಗೆ ಊಟ ಮುಗಿಸಿ ಎಲ್ಲರೂ ಒಳಗೆ ಸೇರುತ್ತಾರೆ. ಅದಕ್ಕೆ ತಂಪುಹೊತ್ತು ಎನ್ನುತ್ತೇವೆ. ಅಂಗಡಿ, ಶಾಲೆ, ಜಗಳ ಎಲ್ಲವೂ ಆಗ ನಿಂತು ಸಂಜೆಗೆ ಮತ್ತೆ ಶುರುವಾಗುತ್ತವೆ. ಮಾಡುಗಳ ಮೇಲೆ ಬಿದ್ದ ಬಿಸಿಲೇ ಕೆಳಗೆ ದೀಪವಾಗಿ, ಗಾಳಿಯಾಗಿ, ಸಾಗುಗೂಡುಗಳ ಓಟವಾಗಿ ಇಳಿಯುತ್ತದೆ. ಸಾಗುಗೂಡು ನಮ್ಮ ವಾಹನ. ಮೊಟ್ಟೆಯ ಆಕಾರದ್ದು, ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತಾರೆ. ಹೋಗಬೇಕಾದ ಜಾಗ ಹೇಳಿದರೆ ಸದ್ದಿಲ್ಲದೆ ಒಯ್ದು ಬಿಡುತ್ತದೆ. ಅದು ಯಾರದ್ದೂ ಅಲ್ಲ, ಯಾರೂ ಅದನ್ನು ತೊಳೆಯುವುದಿಲ್ಲ, ಯಾರೂ ಅದಕ್ಕೆ ಹೆಸರಿಡುವುದಿಲ್ಲ. ನನ್ನ ಓರಗೆಯವರಲ್ಲಿ ಯಾರೊಬ್ಬರೂ ಹುಟ್ಟಿದಾಗಿನಿಂದ ಒಂದು ವಾಹನವನ್ನು ತಮ್ಮ ಕೈಯಿಂದ ಎಡಕ್ಕೋ ಬಲಕ್ಕೋ ತಿರುಗಿಸಿದವರಲ್ಲ. ನಾನೊಬ್ಬಳೇ ತಿರುಗಿಸಿದ್ದೇನೆ.

ಯಾವ ಗಣಿ ಧಣಿಯ ಗೋದಾಮಿನಲ್ಲಿ ನೀವು ಆ ಕಾರನ್ನು ಕಂಡಿರೋ ಅಜ್ಜಿಗೂ ತಿಳಿದಿರಲಿಲ್ಲ. ಸಾವಿರದ ಒಂಬೈನೂರ ಐವತ್ತೊಂಬತ್ತರ ಷೆವರ್ಲೆ ಇಂಪಾಲ. ತಿಳಿನೀಲಿ ಮೈ, ಬಿಳಿಯ ತಲೆ, ಎಡಗಡೆ ಸ್ಟೇರಿಂಗು. ಕೋಳಿಗಳು ಗೂಡು ಮಾಡಿಕೊಂಡಿದ್ದ ಅದನ್ನು ನೀವು ಎತ್ತಿನ ಜೋಡಿ ಕಟ್ಟಿ ಎಳೆದು ತಂದಿರಂತೆ, ಸರಿಮಾಡಿ ಮದುವೆಗಳಿಗೆ ಬಾಡಿಗೆಗೆ ಬಿಟ್ಟಿರಂತೆ. ಮದುಮಕ್ಕಳು ಇಳಿದ ಕೂಡಲೇ ಹೂವು ಕಿತ್ತೊಗೆದು, ಗೀರು ಬಿದ್ದಿದೆಯೇ ಎಂದು ಅಂಗೈಯಿಂದ ಸವರಿ, ದಪ್ಪ ಬಟ್ಟೆ ಹೊದಿಸಿ, ಸ್ವಂತ ಮಕ್ಕಳನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ. ಅಜ್ಜಿ ಇದನ್ನು ಹೇಳುವಾಗ ಎಪ್ಪತ್ತರ ಹತ್ತಿರದಲ್ಲಿದ್ದರೂ ತುಟಿ ಉಬ್ಬಿಸುತ್ತಿದ್ದಳು. "ನಮ್ಮಪ್ಪಗ ನಾನು ಎರಡನೇ ಮಗಳು. ಮೊದಲನೇಕಿ ಶೆಡ್ಡಿನಾಗಿದ್ಳು" ಎನ್ನುತ್ತಿದ್ದಳು.

ನನ್ನ ಮೊದಲ ನೆನಪು ಆ ಶೆಡ್ಡಿನದು. ಐದು ವರ್ಷವಿರಬೇಕು. ತಂಪುಹೊತ್ತಿನಲ್ಲಿ ಮನೆಯವರೆಲ್ಲ ಮಲಗಿದ್ದಾಗ ಅಜ್ಜಿ ನನ್ನ ಕೈ ಹಿಡಿದು ಕರೆದೊಯ್ದಳು. ಮುಂದಿನ ಸೀಟು ಮಂಚದಷ್ಟು ಉದ್ದವಿತ್ತು. ರೆಕ್ಸಿನ್ ಕಾದು ತೊಡೆಗೆ ಅಂಟಿಕೊಂಡಿತು. ಹಳೆಯ ಎಣ್ಣೆ, ಒಣಗಿದ ಸೇವಂತಿಗೆ, ಬಿಸಿ ಕಬ್ಬಿಣ ಇವೆಲ್ಲ ಕೂಡಿದ ಒಂದು ವಾಸನೆ. ಗಾಜಿನ ಮುಂದೆ ಬಾನೆಟ್ಟು ರಾಶಿ ಕಣದ ಹಾಗೆ ಚಾಚಿಕೊಂಡಿತ್ತು. ಅಜ್ಜಿ ಕೀಲಿ ತಿರುಗಿಸಿದಳು. ಒಮ್ಮೆ ಕೆಮ್ಮಿತು, ಎರಡನೆಯ ಸಲ ಗದರಿಸಿತು, ಆಮೇಲೆ ಆ ನಡುಕ ಸೀಟಿನಿಂದ ನನ್ನ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಏರಿತು. ಅಲ್ಲಿಯವರೆಗೆ ನಾನು ಕಂಡ ಯಾವ ಯಂತ್ರವೂ ತಾನಿದ್ದೇನೆಂದು ಹೇಳಿಕೊಂಡಿರಲಿಲ್ಲ. ನಾನು ಅಳಲಿಲ್ಲ. ಇನ್ನೊಮ್ಮೆ ಎಂದೆನಂತೆ.

ಎರಡನೆಯ ನೆನಪು ಊರಾಚೆಯ ಒಣಗಿದ ಕೆರೆಯಂಗಳದ್ದು. ಅಜ್ಜಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಕ್ರವನ್ನು ನನ್ನ ಕೈಗೆ ಕೊಟ್ಟಳು. ನಾನು ತಿರುಗಿಸಿದೆ, ಅಷ್ಟು ದೊಡ್ಡ ಕಾರು ತಿರುಗಿತು. ಕೆಂಪು ಧೂಳಿನಲ್ಲಿ ನಾವು ಬಂದ ಹಾದಿ ಹಾವು ಹರಿದ ಹಾಗೆ ಬಿದ್ದಿತ್ತು. "ನೋಡು, ಅದು ನೀ ಬರೆದದ್ದು" ಎಂದಳು. ಅಕ್ಷರ ಕಲಿಯುವುದಕ್ಕೆ ಮೊದಲು ನಾನು ಬರೆದದ್ದು ಅದೇ.

ಅಲ್ಲಿಂದ ಶುರುವಾದದ್ದು ಇವತ್ತಿಗೂ ಮುಗಿದಿಲ್ಲ. ಬೇರೆ ಮಕ್ಕಳು ಮಗ್ಗಿ ಹೇಳುವಾಗ ನಾನು ಅಮೆರಿಕದ ಹಳೆಯ ಕಾರುಗಳ ಹಿಂದೀಪಗಳನ್ನು ಹೇಳುತ್ತಿದ್ದೆ. ಅಜ್ಜಿ ಚಿತ್ರದ ಉಳಿದ ಭಾಗವನ್ನು ಅಂಗೈಯಿಂದ ಮುಚ್ಚಿ ದೀಪವನ್ನಷ್ಟೇ ತೋರಿಸುತ್ತಿದ್ದಳು. ರಾಕೆಟ್ಟಿನ ಬೆಂಕಿಯಂತಿದ್ದರೆ ಕ್ಯಾಡಿಲಾಕ್, ಮೀನಿನ ಬಾಲದಂತೆ ನಿಂತಿದ್ದರೆ ಪ್ಲಿಮತ್, ಬೆಕ್ಕಿನ ಕಣ್ಣಿನಂತೆ ಓರೆಯಾಗಿದ್ದರೆ ನಮ್ಮದು. ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ನನ್ನನ್ನು ನೋಡಲು ಬಂದ ಗಂಡುಗಳನ್ನು ನಾನೇ ಶೆಡ್ಡಿಗೆ ಕರೆದೊಯ್ದು ಎಂಜಿನ್ನು ಎಲ್ಲಿದೆ ತೋರಿಸಿ ಎನ್ನುತ್ತಿದ್ದೆ. ಇಬ್ಬರು ಡಿಕ್ಕಿ ತೆಗೆದರು. ಮೂರನೆಯವರು, "ನನಗ ಗೊತ್ತಿಲ್ಲ, ನೀವೇ ತೋರಿಸ್ರಿ" ಎಂದರು. ಅವರನ್ನು ಮದುವೆಯಾದೆ.

ಈಗ ಆಯುಧಪೂಜೆಯ ವಿಷಯ. ಸಾಗುಗೂಡುಗಳು ಬಂದ ಮೇಲೆ ಜನರ ಮನೆಯಲ್ಲಿ ಪೂಜೆಗೆ ವಾಹನವೇ ಇಲ್ಲವಾಯಿತು. ನಿಂಬೆಹಣ್ಣು ಇದೆ, ಇಡಲು ಚಕ್ರವಿಲ್ಲ. ಮೊದಲು ಅಕ್ಕಪಕ್ಕದವರು ತಮ್ಮ ನಿಂಬೆಹಣ್ಣು ತಂದು, "ನಮ್ಮದೊಂದು ಇಟ್ಟುಕೋ ಹೊನ್ನೂರಮ್ಮ" ಎಂದರು. ಆಮೇಲೆ ಓಣಿ ಬಂತು, ಆಮೇಲೆ ಊರು ಬಂತು. ಜೋಳದ ದಂಟಿನಿಂದ ಭಟ್ಟಿ ಇಳಿಸಿದ ಸಾರವನ್ನು ಪೆಟ್ರೋಲಿನ ಬದಲು ಟ್ಯಾಂಕಿಗೆ ಸುರಿದು, ವರ್ಷಕ್ಕೆ ಆ ಒಂದು ದಿನ ಸರಕಾರ ಕೊಡುವ ಹೊಗೆ ಪರವಾನಗಿಯಲ್ಲಿ ನಾನು ಕಾರು ಹೊರಡಿಸುತ್ತೇನೆ. ಟೈರಿನಡಿ ನಿಂಬೆಹಣ್ಣುಗಳು ಚಿಟ್ಟೆಂದು ಒಡೆಯುವಾಗ ಸಾವಿರ ಜನ ಉಸಿರು ಹಿಡಿದಿರುತ್ತಾರೆ. ಒಂದು ವರ್ಷ ಎಂಜಿನ್ನು ಏಳದೆ ಹೋದರೆ ನಾನು ಮುಖ ತೋರಿಸಲಾರೆ. ಅದು ಎದ್ದಿಲ್ಲದ ವರ್ಷ ಇಲ್ಲ.

ಆದರೆ ಪೂಜೆ ಎಂಬುದು ಬಳ್ಳಿಯ ಹಾಗೆ, ಹಬ್ಬಲು ಬಿಟ್ಟರೆ ಕಿಟಕಿ ಮುಚ್ಚುತ್ತದೆ. ಕಾರಿನ ಹಿಂಬದಿಯ ತಗಡಿನ ರೆಕ್ಕೆಗಳಿಗೆ ಹರಕೆಯ ದಾರ ಕಟ್ಟಿದರು, ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲು ತೂಗುಹಾಕಿದರು. ಈ ವರ್ಷ ಓಣಿಯ ಸೇವಾ ಸಮಿತಿ ಗುಡಿ ಕಟ್ಟುವ ಮಾತು ತೆಗೆಯಿತು. ನಮ್ಮಲ್ಲಿ ಹರಕೆಹಕ್ಕು ಎಂಬ ಕಾಯಿದೆ ಇದೆ. ಒಂದು ತಲೆಮಾರಿನ ಕಾಲ ಊರು ಬಹಿರಂಗವಾಗಿ ಪೂಜಿಸಿದ ವಸ್ತು ಪೂಜಿಸಿದವರದೇ ಆಗುತ್ತದೆ. ಮನೆಯವರು ಅದನ್ನು ಮಾರುವಂತಿಲ್ಲ, ಬಚ್ಚಿಡುವಂತಿಲ್ಲ, ಕೊಡುವುದಿಲ್ಲ ಎನ್ನುವಂತಿಲ್ಲ. ಬರುವ ಆಯುಧಪೂಜೆಯ ದಿನ ಪ್ರತಿಷ್ಠೆ ಎಂದು ಗೊತ್ತಾಯಿತು. ಪ್ರತಿಷ್ಠೆ ಎಂದರೆ ಕಾರಿನ ಸುತ್ತ ಗಾಜುಪಾಕ ಎರೆಯುವುದು. ಗಾಜುಪಾಕ ನೀರಿನಂತೆ ಸುರಿದು ಕಲ್ಲಿನಂತೆ ಗಟ್ಟಿಯಾಗುವ ಒಂದು ದ್ರವ. ಒಳಗಿಟ್ಟದ್ದು ಕಾಣುತ್ತದೆ, ತುಕ್ಕು ಹಿಡಿಯುವುದಿಲ್ಲ, ಅಲ್ಲಾಡುವುದೂ ಇಲ್ಲ.

ಸಮಿತಿಯ ಅರ್ಚಕರು ಶರಭಯ್ಯನವರು. ಒಳ್ಳೆಯ ಮನುಷ್ಯರು, ನನಗಿಂತ ಕಿರಿಯರು. ಜಗಲಿಯ ಮೇಲೆ ಕೂತು ವಿವರಿಸಿದರು. ಎಲ್ಲ ಕೇಳಿ ನಾನು ಒಂದೇ ಪ್ರಶ್ನೆ ಕೇಳಿದೆ. "ಪಾಕದಾಗ ಮುಳುಗಿದ ಮ್ಯಾಲೆ ನಿಂಬೆಹಣ್ಣು ಹ್ಯಾಂಗ ತುಳಿತೈತ್ರೀ?"

"ಅದಕ್ಕೇನವ್ವಾ, ನಾನೇ ಕಾಲಿನಿಂದ ತುಳಿತೀನಿ" ಎಂದರು.

ನನ್ನ ಸೊಸೆ ಮಾರೆಕ್ಕ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ನಾಲಿಗೆಗೆ ಈ ಮನೆಯಲ್ಲಿ ನನ್ನೊಬ್ಬಳದೇ ಅಂಕೆ. "ಅಯ್ನೋರ, ಪಾಕದಾಗ ಹಾಕಿದ್ದು ಉಪ್ಪಿನಕಾಯಿ ಆಗ್ತೈತ್ರಿ, ದೇವ್ರಾಗಂಗಿಲ್ಲ" ಎಂದಳು. ನಾನು ಅಂಕೆ ಹಾಕಲಿಲ್ಲ.

ನನ್ನ ಮಗ ಗಾದಿಲಿಂಗ ಸಮಿತಿಯ ಕಡೆ ಸೇರಿದ್ದ. ಗುಡಿಯ ಧರ್ಮದರ್ಶಿ ಅವನೇ ಎಂದು ಅವರು ಒಪ್ಪಿಕೊಂಡಿದ್ದರು. "ಅವ್ವಾ, ಕಮಾನಿನ ಮ್ಯಾಲೆ ನಿನ್ನ ಹೆಸರು ಕೆತ್ತಸ್ತಾರಂತ. ಇನ್ನೇನು ಬೇಕು ನಿನಗ?" ಎಂದ.

"ನನ್ನ ಹೆಸರು ಗೊತ್ತಿಲ್ಲದವರು ಈ ಊರಾಗ ಯಾರದಾರಲೇ?" ಎಂದೆ.

ಹಾಗೆಂದರೂ ಆ ಕಮಾನನ್ನು ನಾನು ಮನಸ್ಸಿನಲ್ಲಿ ನೋಡಿದ್ದೇನೆ. ನೋಡಿಲ್ಲವೆಂದು ಹಿರಿಯರ ಓಲೆಯಲ್ಲಿ ಬರೆಯಲಾರೆ. ಕಲ್ಲಿನ ಅಕ್ಷರ ಚೆನ್ನಾಗಿಯೇ ಇತ್ತು. ಆದರೆ ಅದರ ಕೆಳಗೆ ಮಕ್ಕಳು ಸಾಲಾಗಿ ನಿಂತು, ಕೈಮುಗಿದು, ಗಾಜಿನೊಳಗಿನ ಚಕ್ರವನ್ನು ನೋಡಿ ಹೋಗುತ್ತಿದ್ದರು. ಯಾರ ತೊಡೆಗೂ ರೆಕ್ಸಿನ್ ಅಂಟುತ್ತಿರಲಿಲ್ಲ. ಓಣಿಯ ಸಭೆಯಲ್ಲಿ ಬೇಡವೆಂದು ಕೈ ಎತ್ತಿದವರು ನಾನು ಮತ್ತು ಮಾರೆಕ್ಕ ಇಬ್ಬರೇ.

ಮೊನ್ನೆ ಶರಭಯ್ಯನವರು ಲಕ್ಷಣ ಪರೀಕ್ಷೆಗೆ ಬಂದರು. ಮೂರ್ತಿಗೆ ತಂದ ಕಲ್ಲನ್ನು ತಟ್ಟಿ ನೋಡುವ ಹಾಗೆ ಕಾರಿನ ಮೈಯೆಲ್ಲ ಬೆರಳಿನಿಂದ ತಟ್ಟಿ, ಕಿವಿ ಹಚ್ಚಿ, ಎರಡೂ ಬದಿಗೆ ಎರಡೆರಡಿರುವ ಮುಂದಿನ ದೀಪಗಳ, ಅಂದರೆ ಅದರ ಜೋಡಿಗಣ್ಣುಗಳ, ಗಾಜನ್ನು ತಮ್ಮ ಶಲ್ಯದಿಂದ ಒರೆಸಿ ನೋಡಿದರು. ಅವರ ಮುಖ ಅರಳಿತ್ತು. "ಇನ್ನೂರು ವರ್ಷದ ಮೈಯವ್ವಾ ಇದು, ಒಂದು ಗೀರಿಲ್ಲ, ಒಂದು ತಗ್ಗಿಲ್ಲ. ಭಿನ್ನ ಆಗಿದ್ರ ನನ್ನ ಕೈಲೆ ಪ್ರತಿಷ್ಠಾ ಆಗ್ತಿರಲಿಲ್ಲ. ಭಿನ್ನ ಮೂರ್ತಿಗೆ ಪೂಜೆ ಇಲ್ಲ. ಬೆಸುಗಿ ಹಾಕಿ ತಿದ್ದಿದ್ರೂ ಅಂಥ ಮೈಯಾಗ ಪ್ರಾಣ ನಿಲ್ಲಂಗಿಲ್ಲ" ಎಂದರು. ಆ ಮಾತಿಗೆ ನಾನು ತಲೆಯಾಡಿಸಿದೆ. ಅವರಿಗೆ ಮಜ್ಜಿಗೆ ಕೊಡಿಸಿ ಕಳಿಸಿದೆ.

ಪಂಪಾಪತಿಯವರೇ, ಗೀರಿಲ್ಲದ ಆ ಮೈ ನಿಮ್ಮ ಕೆಲಸ. ನೀವು ಹೊದಿಸಿದಿರಿ, ಅಜ್ಜಿ ಒರೆಸಿದಳು, ನಾನು ಹೂವಿನಂತೆ ನೋಡಿಕೊಂಡೆ. ಮೂವರೂ ಸೇರಿ ಒಂದು ಕಾರನ್ನು ಮೂರ್ತಿ ಮಾಡಿದೆವು, ಊರು ಕೊನೆಗೆ ಹೆಸರನ್ನಷ್ಟೇ ಇಟ್ಟಿತು. ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ, ಹಿರಿಯರಿಗೆ ಹೇಳುತ್ತಿದ್ದೇನೆಂದು ಸಿಟ್ಟಾಗಬೇಡಿ. ಈ ಓಲೆ ಓದಿದ ದಿನ ಶೆಡ್ಡಿಗೆ ಹೋಗಿ ಬಟ್ಟೆ ತೆಗೆಯಿರಿ. ಕಾರನ್ನು ಹೊರಗೆ ತನ್ನಿ. ಸಂತೆಗೆ ಹೋಗಿ, ಈರುಳ್ಳಿ ಹೇರಿಕೊಂಡು ಬನ್ನಿ. ನಿಮಗೆ ಮಗಳು ಹುಟ್ಟುತ್ತಾಳೆ. ಅವಳನ್ನು ಶೆಡ್ಡಿನ ಹೊರಗೆ ನಿಲ್ಲಿಸಬೇಡಿ. ಬಳೆ ತಾಗಿ ಗೀರು ಬಿದ್ದರೆ ಬೀಳಲಿ.

ನಿನ್ನೆ ಬೆಳಕು ಹರಿಯುವಾಗ ನಾನು ಮಾರೆಕ್ಕನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು ಕಾರು ತೆಗೆದೆ. ಹೊಗೆ ಪರವಾನಗಿ ನಿನ್ನೆಗೆ ಇರಲಿಲ್ಲ. ಅದಕ್ಕೇನು ಶಿಕ್ಷೆಯೋ ಅದನ್ನು ಅನುಭವಿಸುತ್ತೇನೆ. ಕೋಟೆಗುಡ್ಡದ ಸುತ್ತ ಒಂದು ಸುತ್ತು ಹೋದೆವು. ಎದುರಾದ ಸಾಗುಗೂಡುಗಳು ನಮ್ಮನ್ನು ಕಂಡು ತಾವೇ ಬದಿಗೆ ಸರಿದು ನಿಂತವು, ಒಳಗಿದ್ದವರು ಎದ್ದು ಕೈಮುಗಿದರು. ಕೈ ಬೀಸಿ ಎಂದು ನಾನು ಕೂಗಿದೆ. ಒಬ್ಬಳು ಹುಡುಗಿ ಬೀಸಿದಳು. ಹಿಂದಿರುಗಿ ನಮ್ಮ ಹಿತ್ತಿಲ ಬಾಗಿಲಿಗೆ ಬಂದಾಗ ಗಾದಿಲಿಂಗ ಜಗಲಿಯ ಮೇಲೆ ನಿಂತಿದ್ದ. ಆ ಬಾಗಿಲಿನ ಎಡಕ್ಕೊಂದು ಕಗ್ಗಲ್ಲಿನ ಕಂಬವಿದೆ. ಅರವತ್ತು ವರ್ಷದಿಂದ ನಾನು ಅದಕ್ಕೆ ಒಂದು ಗೇಣು ಬಿಟ್ಟೇ ಕಾರು ತಿರುಗಿಸಿದವಳು. ನಿನ್ನೆ ಆ ಗೇಣು ಬಿಡಲಿಲ್ಲ.

ಸದ್ದು ನಾನೆಣಿಸಿದಷ್ಟು ದೊಡ್ಡದಿರಲಿಲ್ಲ. ಎಡಗಡೆಯ ಹೊರಗಣ್ಣು ಒಡೆಯಿತು, ಅದರ ಮೇಲಿನ ಹುಬ್ಬು ಮಡಿಚಿಕೊಂಡಿತು, ಮಡ್ಗಾರ್ಡಿನಲ್ಲಿ ಮೊರದಗಲ ತಗ್ಗು ಬಿತ್ತು. ಎಂಜಿನ್ನು ನಿಲ್ಲಲಿಲ್ಲ. ಗಾದಿಲಿಂಗ ತಲೆಯ ಮೇಲೆ ಕೈಹೊತ್ತು ಕೂತ. ಮಾರೆಕ್ಕ ಕತ್ತು ಚಾಚಿ ನೋಡಿ, "ಅತ್ತಿ, ಬಲಗಡೀದು ಉಳೀತಲ್ರೀ" ಎಂದಳು.

"ಅದು ನಿನಗ ಇರಲಿ" ಎಂದೆ. ಇಳಿದು, ಸುತ್ತಿ ಬಂದು, ಅವಳನ್ನು ಸ್ಟೇರಿಂಗಿನ ಕಡೆಗೆ ಸರಿಯಲು ಹೇಳಿ ಅವಳ ಜಾಗದಲ್ಲಿ ನಾನು ಕೂತೆ. ಹಿಂದಕ್ಕೆ ತೆಗೆ ಎಂದೆ. ತೆಗೆದಳು. ಇನ್ನೊಂದು ಸ್ವಲ್ಪದರಲ್ಲಿ ತುಳಸಿಕಟ್ಟೆ ಹೋಗುತ್ತಿತ್ತು. ಕಲಿಯುತ್ತಾಳೆ.

ಆಯುಧಪೂಜೆಗೆ ಎಂದಿನಂತೆ ನಿಂಬೆಹಣ್ಣು ಇಡುತ್ತೇವೆ, ಕಾರು ಹೊರಡಿಸುವವಳು ಮಾರೆಕ್ಕ. ಕೀಲಿ ಅವಳ ಸೆರಗಿನ ಗಂಟಿನಲ್ಲಿದೆ. ಒಡೆದ ಗಾಜನ್ನು ಗುಡಿಸಿ ಕಂಬದ ಬುಡದಲ್ಲಿ ಹೂಳಿಸಿದ್ದೇನೆ, ತಗ್ಗನ್ನು ಯಾರೂ ತಿದ್ದಬಾರದೆಂದು ಹೇಳಿದ್ದೇನೆ. ಮೂರ್ತಿ ಭಿನ್ನವಾಗಿದೆ ಎಂದು ಶರಭಯ್ಯನವರಿಗೆ ನಿನ್ನೆ ಬೆಳಿಗ್ಗೆಯೇ ಹೇಳಿ ಕಳಿಸಿದ್ದೇನೆ.