ಉದ್ದದ ಹಾಡಿನ ಹೊತ್ತಿಗೆ ನೀರು ಕುಡಿಯಲು ಹೋದವಳಿಗೆ

ತಾರೀಕು ಹನ್ನೊಂದು
ಭಾನುವಾರ, ಮಧ್ಯಾಹ್ನ

ಇವಳೇ,

ಹೆಸರು ಬರೆಯಲು ಹೋದೆ, ಕೈ ಓಡಲಿಲ್ಲ. ಇಪ್ಪತ್ತೆರಡು ವರ್ಷ ‘ಇವಳೇ’ ಎಂದೇ ಕರೆದವನು ಈಗ ಹೆಸರು ಹಿಡಿದು ಕರೆದರೆ, ನೀನು ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಗಳನ್ನು ಕೂಗುತ್ತೀಯಲ್ಲ, ಹಾಗಾಗುತ್ತದೆ. ಚೆನ್ನಾಗಿದ್ದೀಯಾ? ನಿನ್ನ ತಂಗಿ, ಅವಳ ಯಜಮಾನರು ಚೆನ್ನಾಗಿದ್ದಾರಾ? ನಾನು ಚೆನ್ನಾಗಿದ್ದೇನೆ. ಒಂದು ಸುಳ್ಳು ಮುಗಿಯಿತು, ಇನ್ನು ನಿಜ ಬರೆಯುತ್ತೇನೆ.

ಬರೆಯುತ್ತಿರುವುದು ಕ್ಯಾಸೆಟ್ಟುಗಳ ವಿಷಯಕ್ಕೆ. ಮತ್ತೆ ಅದೇ ಹಾಳು ಕ್ಯಾಸೆಟ್ಟೇ ಎಂದು ಕಾಗದ ಮಡಚಿಡಬೇಡ. ಪೂರ್ತಿ ಓದು.

ನೀನು ಹೋಗಿ ಹದಿನಾಲ್ಕು ತಿಂಗಳಾಯಿತು. ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಗಾಜು ಉಜ್ಜುವ ಯಂತ್ರದ ಗರಗರ. ಮನೆಗೆ ಬಂದರೆ ಸದ್ದಿಲ್ಲದಿರುವುದೇ ಸುಖ ಎಂದುಕೊಂಡಿದ್ದವನು ನಾನು. ಈಗ ಬೀಗ ತೆಗೆಯುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುತ್ತೇನೆ. ಒಳಗೆ ಯಾರೂ ಇಲ್ಲ ಎಂದು ಗೊತ್ತು, ಆದರೂ ಕೆಮ್ಮುತ್ತೇನೆ. ಒಬ್ಬನಿಗೇ ಅಡುಗೆ ಮಾಡಿಕೊಂಡು ಒಬ್ಬನೇ ತಿನ್ನುವುದು ಇಷ್ಟು ಕಷ್ಟ ಎಂದು ಯಾರೂ ಹೇಳಿರಲಿಲ್ಲ.

ಮೂರು ತಿಂಗಳ ಹಿಂದೆ ಕಪಾಟು ತೆಗೆದು ನಾನು ರೆಕಾರ್ಡ್ ಮಾಡಿಟ್ಟ ನಮ್ಮ ಹುಡುಗರ ನೂರ ಹದಿನೆಂಟು ಕಾರ್ಯಕ್ರಮಗಳನ್ನೂ ಮೊದಲಿನಿಂದ ಕೇಳಲು ಕೂತೆ. ‘ಹುಡುಗರು’ ಎಂದರೆ ನಿನಗೆ ನಗು. ನಗು, ಪರವಾಗಿಲ್ಲ, ಡ್ರಮ್ಮಿನವನಿಗೆ ಮೊನ್ನೆ ಮೊಮ್ಮಗಳು ಹುಟ್ಟಿದಳಂತೆ. ಆದರೆ ಎಂಥ ತಂಡ ಮಾರಾಯ್ತಿ! ಒಂದು ಹಾಡನ್ನು ಎರಡು ಸಲ ಒಂದೇ ಥರ ನುಡಿಸಿದವರಲ್ಲ. ಅಂಗಡಿಯಲ್ಲಿ ಮಾರುವ ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯುವ ಅವರದೊಂದು ಹಾಡು ವೇದಿಕೆಯ ಮೇಲೆ ಇಪ್ಪತ್ತಾರು ನಿಮಿಷ ಅಲೆಯುತ್ತದೆ. ಅಭಿಮಾನಿಗಳೆಲ್ಲ ಅದಕ್ಕೆ ‘ಉದ್ದದ್ದು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹಳೇ ಗಿರಣಿ ಮೈದಾನದ ಆ ಸಂಜೆ ನೆನಪಿದೆಯಾ? ಗಿಟಾರಿನವನು ನಡುವೆ ದಾರಿ ತಪ್ಪಿ ಬೇರೆ ಯಾವುದೋ ಹಾಡಿಗೆ ನುಗ್ಗಿಬಿಟ್ಟ. ಬೇಸ್ ಗಿಟಾರಿನ ಹೆಂಗಸು ಅವನನ್ನು ಗದರಲಿಲ್ಲ. ಅವನು ಹೋದಲ್ಲಿಗೇ ತಾನೂ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ಜೊತೆಗಿದ್ದು, ಮೆಲ್ಲಗೆ ಕರೆದುಕೊಂಡು ಬಂದಳು. ಇಂಥದ್ದು ಒಂದೇ ಒಂದು ಸಲ ನಡೆಯುತ್ತದೆ. ಅದಕ್ಕೇ ನಾವು ಒಂದೇ ಹಾಡಿನ ಎಂಬತ್ತು ರೆಕಾರ್ಡಿಂಗ್ ಇಟ್ಟುಕೊಂಡು ಜನರ ಕೈಲಿ ಹುಚ್ಚರು ಅನ್ನಿಸಿಕೊಳ್ಳುವುದು.

ಆದರೆ ಈ ಸಲ ನಾನು ಹಾಡಿಗೆಂದು ಕೂತಿರಲಿಲ್ಲ. ನಿನ್ನನ್ನು ಹುಡುಕಲು ಕೂತಿದ್ದೆ.

ಹನ್ನೊಂದು ವರ್ಷ ನೀನು, ರೆಕಾರ್ಡ್ ಮಾಡಲು ಜನರ ನಡುವೆ ನಾನು ಎತ್ತಿ ಹಿಡಿಯುತ್ತಿದ್ದ ಮೈಕಿನ ಕೋಲಿನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದವಳು. ಎಲ್ಲೋ ಹಿಂದೆ ಸೀನಿದ ಯಾರೋ ಗಂಡಸು ನನ್ನ ಕ್ಯಾಸೆಟ್ಟಿನಲ್ಲಿದ್ದಾನೆ. ಅಪ್ಪನ ಹೆಗಲ ಮೇಲೆ ಅತ್ತ ಮಗು ಇದೆ. ಚಪ್ಪಲಿ ಕಳೆದುಕೊಂಡು ಬೈದಾಡಿದವನಿದ್ದಾನೆ. ನೀನು ಮಾತ್ರ ಎಲ್ಲೂ ಇಲ್ಲ. ಒಂದು ಉಸಿರೂ ಇಲ್ಲ.

ಇರುವುದಾದರೂ ಹೇಗೆ? ಕೋಲಿನ ಸುತ್ತ ನಿಂತವರು ಮಾತಾಡಬಾರದು, ಜೊತೆಗೆ ಹಾಡಬಾರದು, ಚಪ್ಪಾಳೆ ತಟ್ಟಬಾರದು ಎಂದು ಕಟ್ಟಳೆ ಮಾಡಿದವನು ನಾನೇ. ಹತ್ತಿರದ ಚಪ್ಪಾಳೆ ರೆಕಾರ್ಡಿಂಗಿನಲ್ಲಿ ತಗಡು ಬಡಿದಂತೆ ಬೀಳುತ್ತದೆ ಎಂದು ನಿನಗೆ ಎಷ್ಟು ಸಲ ಪಾಠ ಮಾಡಿದೆ! ನೀನು ಕೈಕಟ್ಟಿ ನಿಂತೆ. ಮನೆಯಲ್ಲಿ ನಾನು ಕ್ಯಾಸೆಟ್ ಕೇಳುತ್ತಿದ್ದರೆ, ಕೆಮ್ಮು ಬಂದಾಗ ಬಚ್ಚಲಿಗೆ ಹೋಗಿ ಕೆಮ್ಮಿ ಬರುತ್ತಿದ್ದೆ ನೀನು. ನನ್ನಷ್ಟು ಸ್ವಚ್ಛವಾಗಿ ರೆಕಾರ್ಡ್ ಮಾಡುವವರಿಲ್ಲ ಎಂದು ಅಭಿಮಾನಿಗಳು ಹೊಗಳಿದರು, ‘ಶ್ ಮೇಷ್ಟ್ರು’ ಎಂದು ಅಡ್ಡಹೆಸರಿಟ್ಟರು. ನಾನು ಅಟ್ಟಕ್ಕೇರಿ ಕೂತೆ.

ಹೊರಡುವ ದಿನ ನೀನು ಹೇಳಿದ್ದು, “ನಿಮ್ ಪಕ್ಕ ನಿಂತೂ ನಿಂತೂ, ನಾನು ಇದೀನೋ ಇಲ್ವೋ ಅಂತ ನಂಗೇ ಅನುಮಾನ ಬಂದ್ಬಿಟ್ಟಿದೆ ರೀ.” ಆಗ ನನಗೆ ಅರ್ಥವಾಗಲಿಲ್ಲ. ನೂರ ಹದಿನೆಂಟು ಕ್ಯಾಸೆಟ್ ಕೇಳಿದ ಮೇಲೆ ಅರ್ಥವಾಯಿತು.

ಕಳೆದ ತಿಂಗಳು ಬಸ್ ಕಂಡಕ್ಟರರು ಅಂಚೆಯಲ್ಲಿ ಒಂದು ಕ್ಯಾಸೆಟ್ ಕಳಿಸಿದರು. ಯಾವಾಗಲೂ ಹಿಂದೆ, ನೀರಿನ ತೊಟ್ಟಿಯ ಹತ್ತಿರ, ಅಂಗಿಯ ಜೇಬಿನಲ್ಲಿ ಪುಟ್ಟ ರೆಕಾರ್ಡರ್ ಇಟ್ಟುಕೊಂಡು ನಿಲ್ಲುತ್ತಾರಲ್ಲ, ಅವರೇ. ಗಿರಣಿ ಮೈದಾನದ ಅದೇ ಸಂಜೆಯದು. ಜೊತೆಗೊಂದು ಚೀಟಿ: “ಮೇಷ್ಟ್ರೇ, ಉದ್ದದ್ದು ನಡೀವಾಗ ಯಾರೋ ಹೆಂಗಸು ಪಕ್ಕದಲ್ಲೇ ಕೂಗಾಡಿ ಎಲ್ಲಾ ಕೆಡಿಸ್ಬಿಟ್ಟಿದಾರೆ. ನಿಮ್ ಕೈಲಾದ್ರೆ ಸ್ವಲ್ಪ ತೆಗ್ದು ಕೊಡಿ.”

ಹಾಕಿದೆ. ನಿಜಕ್ಕೂ ಅಧ್ವಾನ. ಡ್ರಮ್ಮು ಕೇಳುವುದಿಲ್ಲ, ಗಿಟಾರು ತೊಟ್ಟಿಯೊಳಗೆ ಬಿದ್ದಂತಿದೆ. ಯಾವಳೋ ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದೆ ಚಪ್ಪಾಳೆ ಹೊಡೆಯುತ್ತಾಳೆ, ಶ್ರುತಿಯ ಗೊಡವೆಯೇ ಇಲ್ಲದೆ ಹಾಡುತ್ತಾಳೆ. ಬೈದುಕೊಂಡೆ. ಕೊನೆಗೆ ಅವಳು “ಇನ್ನೊಂದ್ಸಲ!” ಎಂದು ಕೂಗಿದಳು. “ಮುಂದಿನವ್ರು ಬನ್ನಿ!” ಎಂದು ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗುವ ಗಂಟಲು ಅದು. ಆಮೇಲೆ ನೀನು ನಕ್ಕೆ.

ಪ್ರತಿ ಸಲ ‘ಉದ್ದದ್ದು’ ಶುರುವಾದೊಡನೆ ನೀನು ಹೆಬ್ಬೆರಳನ್ನು ಬಾಯಿಗೆ ತೋರಿಸಿ ನೀರು ಕುಡಿಯಲು ಹೋಗುತ್ತಿದ್ದೆ, ಹಾಡು ಮುಗಿದ ಮೇಲೆ ಬರುತ್ತಿದ್ದೆ. ಇಪ್ಪತ್ತಾರು ನಿಮಿಷದ ಬಾಯಾರಿಕೆ! ನಲ್ಲಿಯ ಹತ್ತಿರ ಸಾಲು ಉದ್ದವಿರಬೇಕು ಎಂದುಕೊಂಡಿದ್ದೆ. ಊರಿನವರ ಕಣ್ಣಿಗೆಲ್ಲ ಗಾಜು ಉಜ್ಜಿ ಕೊಡುವವನಿಗೆ ಇದು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಆ ಕ್ಯಾಸೆಟ್ಟನ್ನು ಹನ್ನೊಂದು ಸಲ ಕೇಳಿದೆ. ನನ್ನ ಕಪಾಟಿನ ಎಲ್ಲ ರೆಕಾರ್ಡಿಂಗುಗಳಿಗಿಂತ ಅದು ಚೆನ್ನಾಗಿದೆ. ಕಂಡಕ್ಟರರಿಗೆ, ಧ್ವನಿ ತೆಗೆಯಲು ಬರುವುದಿಲ್ಲ ಎಂದು ಬರೆದೆ. ಆಕೆ ನನ್ನ ಹೆಂಡತಿ ಎಂದೂ ಬರೆದೆ. ಪಾಪ, ಅವರು ಗಾಬರಿಯಾಗಿ ಕಾಗದ ಸಿಕ್ಕಿದ ಮರುದಿನವೇ ಕ್ಷಮೆ ಕೇಳಿಕೊಂಡು ಬಂದರು. ಕೋಲು, ಮೈಕು, ರೆಕಾರ್ಡರ್ ಎಲ್ಲವನ್ನೂ ಅವರಿಗೇ ಕೊಟ್ಟು ಕಳಿಸಿದೆ.

ಬರುವ ಇಪ್ಪತ್ತೈದಕ್ಕೆ ಪುರಭವನದಲ್ಲಿ ಹುಡುಗರ ಕಾರ್ಯಕ್ರಮವಿದೆ. ನಿನ್ನ ಟಿಕೆಟ್ಟು ಈ ಕಾಗದದೊಳಗಿದೆ. ಬಾ. ನನ್ನ ಪಕ್ಕ ನಿಂತು ಗಂಟಲು ಕಿತ್ತುಹೋಗುವಂತೆ ಕೂಗು. ಮನೆಗೆ ಬಾ ಎಂದು ಕೇಳಲು ನನಗಿನ್ನೂ ಮುಖವಿಲ್ಲ, ಅದಕ್ಕೇ ಪುರಭವನಕ್ಕೆ ಕರೆಯುತ್ತಿದ್ದೇನೆ. ನೀನು ಹೋದಾಗಿನಿಂದ ನಾನು ಒಂದು ಕಾರ್ಯಕ್ರಮಕ್ಕೂ ಹೋಗಿಲ್ಲ. ಒಬ್ಬನೇ ಹೋಗಲು ಕಾಲು ಬರುವುದಿಲ್ಲ.

ನಿನ್ನ,
ಇವರು

ತಾ.ಕ.: ಕಾರ್ಯಕ್ರಮಕ್ಕೆ ಹೋಗಿಲ್ಲ ಎಂದದ್ದು ಸುಳ್ಳು. ಹೋದ ಶನಿವಾರ ಹೋಗಿದ್ದೆ, ಬರಿಗೈಯಲ್ಲಿ. ‘ಉದ್ದದ್ದು’ ಶುರುವಾದಾಗ ಹಿಂದಕ್ಕೆ, ನೀರಿನ ತೊಟ್ಟಿಯ ಕಡೆ ಬಂದೆ. ನೀನು ಅಲ್ಲಿದ್ದೆ. ಮೂರು ಜನರ ಹಿಂದೆ ನಾನು ನಿಂತಿದ್ದೆ. ನೀನು ಎರಡೂ ಕೈ ತಲೆಯ ಮೇಲೆತ್ತಿ ತಟ್ಟುತ್ತಿದ್ದೆ, ಹಾಡುತ್ತಿದ್ದೆ. ನಿನ್ನನ್ನು ಅಷ್ಟು ಖುಷಿಯಾಗಿ ನಾನು ಮನೆಯಲ್ಲಿ ಒಂದು ದಿನವೂ ಕಂಡಿಲ್ಲ. ಕರೆಯಲು ಬಾಯಿ ತೆರೆದೆ. ಕರೆದಿದ್ದರೆ ನೀನು ತಿರುಗುತ್ತಿದ್ದೆ. ನನ್ನ ಮುಖ ಕಂಡ ಕೂಡಲೇ ನಿನ್ನ ಕೈಗಳು ತಾವಾಗಿಯೇ ಕಟ್ಟಿಕೊಳ್ಳುತ್ತಿದ್ದವು. ಹಾಡು ಮುಗಿಯುವ ಮುಂಚೆ ಮನೆಗೆ ಬಂದುಬಿಟ್ಟೆ.